ಡ್ರ್ಯಾಗನ್ನಿಗೆ ಅರ್ಥ ಹೇಳಲು ಬರುವುದಿಲ್ಲ

ದೊಡ್ಡವರು ಆಡಬಹುದಾದ ಆಟಗಳಿಗೆ ನಮ್ಮ ಶಿರಸಿಯಲ್ಲಿ ಒಂದು ಪಟ್ಟಿ ಇದೆ. ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಇಸ್ಪೀಟು ಆಡಬಹುದು, ನಾಲ್ಕು ಜನ ಬೈದರೂ ಐದನೆಯವನು ಕೈ ಕಡಿಮೆ ಬಿದ್ದರೆ ಬಂದು ಕೂರುತ್ತಾನೆ. ವಾಲಿಬಾಲ್ ಆಡಬಹುದು, ಮೊಣಕಾಲು ಒಪ್ಪುವವರೆಗೆ. ಚುನಾವಣೆಗೆ ನಿಲ್ಲಬಹುದು, ಅದಕ್ಕೆ ಮೊಣಕಾಲಿನ ಒಪ್ಪಿಗೆಯೂ ಬೇಡ. ಆದರೆ ನಲವತ್ತೇಳು ವರ್ಷದ, ಕನ್ನಡಕ ಹಾಕಿದ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗೃಹಸ್ಥನೊಬ್ಬ ಭಾನುವಾರ ಮಧ್ಯಾಹ್ನ ಮೂವರನ್ನು ಮೇಜಿನ ಸುತ್ತ ಕೂರಿಸಿಕೊಂಡು, "ನಿಮ್ಮೆದುರು ಒಂದು ಗುಹೆ ಇದೆ, ಒಳಗಿನಿಂದ ಗಂಧಕದ ವಾಸನೆ ಬರುತ್ತಿದೆ, ಈಗ ಏನು ಮಾಡುತ್ತೀರಿ?" ಎಂದು ಕೇಳುವುದು ಆ ಪಟ್ಟಿಯಲ್ಲಿ ಇಲ್ಲ. ಆ ಗೃಹಸ್ಥ ನಾನೇ ಎಂದು ಒಪ್ಪಿಕೊಂಡು ಮುಂದುವರಿಯುತ್ತೇನೆ.

ಒಪ್ಪಿಕೊಳ್ಳಬೇಕಾದ್ದು ಇನ್ನೂ ಒಂದಿದೆ. ನಮ್ಮ ಕಾಲೇಜಿನ ಪಾಲಕರ ಸಭೆಯಲ್ಲಿ ಪ್ರತಿ ವರ್ಷ "ಆಟಗಳ ಗೀಳು ಮತ್ತು ಯುವಜನ" ಎಂಬ ವಿಷಯದ ಮೇಲೆ ಇಪ್ಪತ್ತು ನಿಮಿಷ ಭಾಷಣ ಮಾಡುವವನೂ ನಾನೇ. ಬಹಳ ಚೆನ್ನಾಗಿ ಮಾಡುತ್ತೇನೆ. ಮೂರು ವರ್ಷದ ಹಿಂದೆ ಒಬ್ಬ ತಾಯಿ ಕಣ್ಣೊರೆಸಿಕೊಂಡರು. ಆ ಭಾಷಣ ಮುಗಿಸಿ, ಹಾರ ಹಾಕಿಸಿಕೊಂಡು, ಬೈಕಿನಲ್ಲಿ ಇಸಳೂರಿನ ಮನೆಗೆ ಬಂದು, ಹಾರ ತೆಗೆಯುವ ಮೊದಲೇ ಕಂಪ್ಯೂಟರ್ ಹಚ್ಚಿ ಬಿಲ್ಲು ಹಿಡಿದ ಯಕ್ಷನಾಗಿ ಕಾಡಿಗೆ ಇಳಿದಿದ್ದೇನೆ. ಆ ಆನ್‌ಲೈನ್ ಆಟದಲ್ಲೂ ನನ್ನ ಮರ್ಯಾದೆ ಬಹಳ ದಿನ ಉಳಿಯಲಿಲ್ಲ ಎನ್ನಿ. ನಾಲ್ಕು ದೇಶಗಳ ಎಂಟು ಮಂದಿ ಒಂದು ರಾಕ್ಷಸನನ್ನು ಸುತ್ತುವರಿದಿದ್ದೆವು. ಬಿಲ್ಲಿನ ಜೊತೆಗೆ ಎಲ್ಲರ ಗಾಯ ವಾಸಿ ಮಾಡುವ ಕೆಲಸವೂ ನನ್ನದು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸೀಟಿ ಹಾಕಿತು, ನಾನು ಎದ್ದು ಹೋದೆ. ಬರುವಷ್ಟರಲ್ಲಿ ನಾಲ್ಕು ದೇಶಗಳು ನೆಲಕ್ಕುರುಳಿದ್ದವು. ಬೇಳೆ ಮಾತ್ರ ಹದವಾಗಿ ಬೆಂದಿತ್ತು. ಅವತ್ತೇ ನನ್ನನ್ನು ತಂಡದಿಂದ ಹೊರಗೆ ಹಾಕಿದರು. ಅಂದಿನಿಂದ ಮೇಜಿನ ಮೇಲೆ ಆಡುವ ಪಾತ್ರದಾಟವೇ ನನಗೆ ಗತಿ. ಅದರಲ್ಲಾದರೆ ಕುಕ್ಕರ್ ಕೂಗಿದಾಗ ರಾಕ್ಷಸನನ್ನು ನಿಲ್ಲಿಸಿ ಹೋಗಬಹುದು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಆ ಪಾತ್ರಕ್ಕೆ ಬಲ ಎಷ್ಟು, ವಿದ್ಯೆ ಎಷ್ಟು, ಮಾತು ಎಷ್ಟು ಎಂದು ಇಪ್ಪತ್ತಕ್ಕೆ ಇಷ್ಟು ಅಂತ ಒಂದು ಹಾಳೆಯಲ್ಲಿ ಬರೆದಿರುತ್ತದೆ. ಕಥೆ ನಡೆಸುವವನು ನಾನು, ಶತ್ರುಗಳೆಲ್ಲ ನಾನೇ. ಹೊಡೆತ ತಾಗಿತೋ ಇಲ್ಲವೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. ಇಪ್ಪತ್ತು ಬಿದ್ದರೆ ಎದುರಿನವನ ಕಥೆ ಮುಗಿಯಿತು, ಅದರ ಮೇಲೆ ಅಪೀಲು ಇಲ್ಲ. ಮೊದಲು ಇಂಥ ದಾಳ ಸಿಗದೆ ಪರಿಚಯದ ಬಡಗಿಯೊಬ್ಬನ ಹತ್ತಿರ ಹಲಸಿನ ಮರದಲ್ಲಿ ಮಾಡಿಸಿದ್ದೆ. ಅದು ಹೇಗೆ ಎಸೆದರೂ ಏಳೇ ಬೀಳುತ್ತಿತ್ತು. ಕೇಳಿದರೆ, "ಮರಕ್ಕೂ ಅದರದ್ದೇ ಒಂದು ಇಷ್ಟ ಇರ್ತದೆ ಸರ್" ಅಂದ. ಭೌತಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇಲ್ಲದ್ದರಿಂದ ಆನ್‌ಲೈನಿನಲ್ಲಿ ಬೇರೆ ತರಿಸಿದೆ.

ನನ್ನ ಆಟಗಾರರು ಮೂವರು. ಸಿದ್ದಾಪುರದ ನಾಗರಾಜ ಬೈಕಿನ ಬಿಡಿಭಾಗಗಳ ಅಂಗಡಿ ಇಟ್ಟವನು, ಆಟದಲ್ಲಿ ಕೊಡಲಿ ವೀರ. ಮುಂಡಗೋಡ ಕಡೆಯ ಶೈಲಾ ಇಲ್ಲಿನ ಒಂದು ಲ್ಯಾಬಿನಲ್ಲಿ ಊರಿನವರ ರಕ್ತ ತೆಗೆಯುವವಳು, ಆಟದಲ್ಲಿ ಕಳ್ಳಿ. ಯಲ್ಲಾಪುರದ ವಿನಯ ಮೇಷ್ಟ್ರು ಮಾಂತ್ರಿಕ. ಆತ ಸಾಮಾನ್ಯವಾಗಿ ಮೊಬೈಲಿನ ವಿಡಿಯೋದಲ್ಲಿ ಬರುವವನಾದ್ದರಿಂದ ನೆಟ್‌ವರ್ಕ್ ಹೋದಾಗಲೆಲ್ಲ ಮಂತ್ರ ಅರ್ಧಕ್ಕೆ ನಿಂತು ಮಾಂತ್ರಿಕ ಬಾಯಿ ತೆರೆದು ಸ್ತಬ್ಧನಾಗುತ್ತಾನೆ. ಸೈನ್ಯಕ್ಕೆ ಬೊಂಬೆಗಳನ್ನು ಕೊಳ್ಳುವುದು ದುಂದು ಎಂದು ನಾವು ಅಡಿಕೆ ಇಡುತ್ತೇವೆ. ಒಮ್ಮೆ ಹನ್ನೆರಡು ಪಿಶಾಚಿಗಳು ಇವರನ್ನು ಮುತ್ತಿದ್ದಾಗ ನಾಗರಾಜ ಚಿಂತೆಯಲ್ಲಿ ಮುಳುಗಿ, ಎಲೆಗೆ ಸುಣ್ಣ ಸವರಿ, ಎದುರಿಗಿದ್ದ ಎರಡು ಪಿಶಾಚಿಗಳನ್ನು ಕತ್ತರಿಸಿ ಕವಳ ಹಾಕಿಬಿಟ್ಟ. ದಾಳ ಹಾಕದೆ ಶತ್ರುವನ್ನು ಕೊಂದದ್ದು ನಿಯಮಕ್ಕೆ ಸರಿಯೇ ಎಂದು ಅರ್ಧ ತಾಸು ಚರ್ಚೆಯಾಯಿತು. ಅವನಿಂದ ಅದುವರೆಗೆ ಸತ್ತ ಶತ್ರುಗಳು ಆ ಎರಡೇ ಆದ್ದರಿಂದ ಒಪ್ಪಿಕೊಂಡೆವು.

ಇಷ್ಟೆಲ್ಲ ಆದರೂ ಈ ಕಥೆಗಾಗಿ ನಾನು ಎರಡು ವರ್ಷ ದುಡಿದಿದ್ದೆ. ಕೊನೆಯಲ್ಲಿ ಬರುವ ಡ್ರ್ಯಾಗನ್ ನನ್ನ ಕೂಸು. ಕರಿಗಂಧಕ ಎಂದು ಹೆಸರು. ಉತ್ತರದ ಹಿಮಗುಹೆಯಲ್ಲಿ ಬಂಗಾರದ ರಾಶಿಯ ಮೇಲೆ ಮಲಗಿ ಬೆಂಕಿ ಉಗುಳುವ ಅದರ ನಡೆ, ನೋವು, ಸಿಟ್ಟು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಕೊನೆಯ ಯುದ್ಧಕ್ಕೆ ಭಾನುವಾರ ಗೊತ್ತುಮಾಡಿಯೂ ಆಗಿತ್ತು. ಅಷ್ಟರಲ್ಲಿ ಕಾನಸೂರಿನಿಂದ ಮಾವ ಬಂದರು.

ಮಾವ ಎಂದರೆ ಹೆಂಡತಿ ಸುಮಂಗಲಾಳ ಅಪ್ಪ. ಮೂವತ್ತೈದು ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಶರ್ಟಿನ ಮೇಲೊಂದು ಶಾಲು ಹೊದ್ದು ಕುಳಿತಲ್ಲೇ ರಾಜ, ಮಂತ್ರಿ, ದೂತರಾಗಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಒಬ್ಬರನ್ನೊಬ್ಬರು ಕೆಡವುತ್ತಾರೆ. ನಿವೃತ್ತ ಗುಮಾಸ್ತರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು "ಏಳು ದ್ವೀಪಗಳ ಒಡೆಯ ನಾನು" ಎಂದರೆ ಅದು ಕಲೆ. ಅದೇ ಕುರ್ಚಿಯಲ್ಲಿ ಕುಳಿತು ನಾನು "ಹಿಮಗುಹೆಯ ಡ್ರ್ಯಾಗನ್" ಎಂದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಈ ಅನ್ಯಾಯವನ್ನು ಸುಮಂಗಲಾಳ ಎದುರು ಎಷ್ಟೋ ಸಲ ಎತ್ತಿದ್ದೇನೆ. "ಅಪ್ಪಂಗೆ ಕೊನಿಗೆ ಶಾಲು ಹೊದೆಸ್ತ. ನಿಂಗಕ್ಕೆ ಯಾರು ಎಂತ ಹೊದೆಸ್ತ?" ಎಂಬುದು ಅವಳ ಉತ್ತರ.

ಆದರೆ ಮಾವ ಈ ಸಲ ಬಂದದ್ದು ಶಾಲಿಗಲ್ಲ, ಹಲ್ಲಿಗೆ. ಮೂರು ತಿಂಗಳ ಹಿಂದೆ ಅವರ ಹಲ್ಲುಗಳನ್ನೆಲ್ಲ ಕೀಳಿಸಿ, ಶಿರಸಿಯ ದಂತವೈದ್ಯರೊಬ್ಬರ ಹತ್ತಿರ ಹೊಸ ಸೆಟ್ ಮಾಡಿಸಿದ್ದೆವು. ಸೆಟ್ ಚೆಂದವೇ ಇತ್ತು. ಆದರೆ ಹಾಕಿಕೊಂಡು ಮಾತಾಡಿದರೆ "ಸ" ಬಂದಲ್ಲೆಲ್ಲ ಸೀಟಿ. ಉದ್ದ ವಾಕ್ಯ ಬಂದರೆ ಮೇಲಿನ ಸಾಲು ಸಡಿಲ. ಮಾವ ಎರಡು ದಿನ ನೋಡಿ, ಸೆಟ್ಟನ್ನು ನೀರಿನ ಡಬ್ಬಿಯಲ್ಲಿ ಮುಳುಗಿಸಿ, ಮಾತನ್ನೇ ಬಿಟ್ಟರು. ಈಗ ಮತ್ತೆ ತೋರಿಸಿದಾಗ, ದಿನಕ್ಕೊಂದು ತಾಸು ಗಟ್ಟಿಯಾಗಿ ಪೇಪರ್ ಓದಿ, ಇಲ್ಲದಿದ್ದರೆ ವಸಡು ಸೆಟ್ಟಿಗೆ ಒಗ್ಗುವುದೇ ಇಲ್ಲ ಎಂದು ವೈದ್ಯರು ಹೇಳಿದ್ದರು. ಮಾವ ತುಟಿ ಅಲ್ಲಾಡಿಸದೆ ಪೇಪರ್ ಓದುತ್ತಿದ್ದರು. ಅತ್ತ ಕಾನಸೂರಿನಲ್ಲಿ ಮುಂದಿನ ತಿಂಗಳು ದೊಡ್ಡ ತಾಳಮದ್ದಳೆ ಕೂಟ. ಮಂತ್ರಿಯ ಪಾತ್ರ ಮಾವನದ್ದೇ ಎಂದು ಕೂಟದವರು ಕಾದಿದ್ದರು. ಭಾನುವಾರ ಸಂಜೆಯೊಳಗೆ ಹೂಂ ಅನ್ನಬೇಕು, ಸೋಮವಾರ ಕರಪತ್ರ ಅಚ್ಚಿಗೆ ಹೋಗುತ್ತದೆ. ಮಾವ ಬೊಚ್ಚು ಬಾಯಿಯಲ್ಲೇ ಮಗಳಿಗೆ ಹೇಳಿದ್ದರು: "ಆನು ಬತ್ನಿಲ್ಲೆ ಹೇಳಿ ತಿಳಿಸಿಬಿಡು. ಸಭೆಲಿ ಹಲ್ಲು ಬಿದ್ರೆ ಮೂವತ್ತೈದು ವರ್ಷದ ಮಾತೇ ಬಿದ್ದ ಹಾಂಗೆ."

ನಾನು ಏನೇ ಕುಹಕ ಆಡಿದರೂ, ಆ ಮಾತು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ನಮ್ಮ ಮದುವೆಯಲ್ಲಿ ಊಟದ ಪಂಕ್ತಿಯ ತುದಿಯಲ್ಲಿ ನಿಂತು ಮಾವ ಆಡಿದ ಮಾತಿಗೆ ನಮ್ಮ ಕಡೆಯ ನೆಂಟರು ಪಾಯಸ ತಣ್ಣಗಾಗುವವರೆಗೂ ನಕ್ಕಿದ್ದರು. ಅಂಥ ಬಾಯಿ ಈಗ ಗಂಜಿಗೆ ಮಾತ್ರ ತೆರೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ವಿನಯ ಮೇಷ್ಟ್ರ ಫೋನು. ಮಾಂತ್ರಿಕನಿಗೆ ಗಣತಿ ಕೆಲಸ ಬಿದ್ದಿದೆ, ಮನೆ ಮನೆ ತಿರುಗಬೇಕು, ಬರಲಾಗದು. ಮಾಂತ್ರಿಕನಿಲ್ಲದೆ ಡ್ರ್ಯಾಗನ್ ಎದುರು ಇಬ್ಬರು ಎಷ್ಟು ಹೊತ್ತು ನಿಂತಾರು? ನಾನು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಸುಮಂಗಲಾ ಬಂದು, "ಒಂದು ಜನ ಕಮ್ಮಿ ಬಿದ್ದಿದ್ದು ಅಲ್ದಾ? ಅಪ್ಪನ್ನ ಕೂರ್ಸ್ಕಳಿ" ಅಂದಳು.

"ಮಾವಂಗೆ ಇದೆಲ್ಲ ಅರ್ಥ ಆಗ್ತಿಲ್ಲೆ."

"ಪೇಪರ್ ನೋಡ್ಕತ್ತ ಕುಂತ್ಕಳದಕ್ಕಿಂತ ಅಡ್ಡಿಲ್ಲೆ. ಸುಮ್ನೆ ಕುಂತ್ರೂ ಸಾಕು."

ಸುಮ್ಮನೆ ಕೂರುತ್ತಾರೆ ಎಂಬ ಭರವಸೆಯ ಮೇಲೆ ಒಪ್ಪಿದೆ. ನನ್ನ ಎರಡು ವರ್ಷದ ದುಡಿಮೆಯನ್ನು ಮಣ್ಣುಪಾಲು ಮಾಡಿದ್ದು ಈ ಭರವಸೆ.

ಎರಡು ಗಂಟೆಗೆ ಮಹಡಿಯ ಕೋಣೆಯಲ್ಲಿ ಎಲ್ಲರೂ ಕೂತೆವು. ದಾಳ ಯಾರಿಗೂ ಕಾಣದಂತೆ ಮದುವೆ ಕರೆಯೋಲೆಯ ರಟ್ಟುಗಳನ್ನು ಅಂಟಿಸಿ ಮಾಡಿದ ಮರೆ ನನ್ನೆದುರು. ಮಾವನಿಗೆ ಮಾಂತ್ರಿಕನ ಹಾಳೆ ಕೊಟ್ಟು ಹತ್ತು ನಿಮಿಷ ವಿವರಿಸಿದೆ. ಅವರು ತಲೆ ಅಲ್ಲಾಡಿಸುತ್ತ ಹಾಳೆಯನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಇದು ಎಂತದು?"

"ಅದು ಈ ಪಾತ್ರದ ಗುಣ ಮಾವ. ಇವಂಗೆ ವಿದ್ಯೆ ಹದಿನೆಂಟು. ಮಾತು ಒಂಬತ್ತು."

"ಮಾತು ಒಂಬತ್ತು?"

"ಇಪ್ಪತ್ತಕ್ಕೆ."

ಮಾವ ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟು, ಎದ್ದು, ಕೆಳಗಿಳಿದು ಹೋದರು. ನಾಗರಾಜ ನನ್ನ ಮುಖ ನೋಡಿದ. "ಸಿಟ್ಟು ಬಂತು ಕಾಣ್ತದೆ ಸರ್," ಅಂದ. ನನಗೂ ಹಾಗೇ ಅನಿಸಿತು. ಕೆಳಗೆ ನಲ್ಲಿ ಬಿಟ್ಟ ಸದ್ದು, ಡಬ್ಬಿಯ ಮುಚ್ಚಳದ ಸದ್ದು. ಐದು ನಿಮಿಷ ಬಿಟ್ಟು ಮಾವ ಮೆಟ್ಟಿಲು ಹತ್ತಿ ಬಂದರು. ಹೆಗಲ ಮೇಲೆ ಶಾಲು ಇತ್ತು. ಬಾಯಲ್ಲಿ ಮೂವತ್ತೆರಡು ಹಲ್ಲುಗಳಿದ್ದವು. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಜೇಬಿನ ಪೆನ್ನು ತೆಗೆದು, ಹಾಳೆಯ ಆ ಒಂಬತ್ತಿಗೆ ಅಡ್ಡಗೆರೆ ಹೊಡೆದರು. ಬೇರೆ ಅಂಕಿಯನ್ನೇನೂ ಬರೆಯಲಿಲ್ಲ. ಆಮೇಲೆ ಕೇಳಿದರು: "ಭಾಗವತ್ರು ಯಾರು? ಪದ್ಯ ಆಗ್ಲಿ."

ಪದ್ಯ ಎಲ್ಲಿಂದ ತರಲಿ? ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದನ್ನೇ ಓದಿದೆ: ಹಿಮಗುಹೆ, ಗಂಧಕದ ಹೊಗೆ, ಬಂಗಾರದ ರಾಶಿ, ಅದರ ಮೇಲೆ ಕಣ್ಣು ತೆರೆದ ಕರಿಗಂಧಕ. ನಾಗರಾಜ ಉತ್ಸಾಹದಿಂದ ದಾಳ ಎತ್ತಿಕೊಂಡು, "ನಾನು ಕೊಡಲಿ ಬೀಸ್ತೇನೆ" ಅಂದ. ಮಾವ ಅಂಗೈ ಎತ್ತಿ ಅವನನ್ನು ತಡೆದರು. ಗಂಟಲು ಸರಿಮಾಡಿಕೊಂಡು, ಮೂರು ತಿಂಗಳು ತಮ್ಮನ್ನು ಹೆದರಿಸಿದ ಆ ಅಕ್ಷರವನ್ನೇ ಹುಡುಕಿ ಹುಡುಕಿ ಎತ್ತಿಕೊಂಡವರಂತೆ ಶುರುಮಾಡಿದರು: "ಸ್ವರ್ಣರಾಶಿಯ ಮೇಲೆ ಸುಖಾಸೀನನಾಗಿರುವ ಸರ್ಪಸಾರ್ವಭೌಮನೇ!"

ಐದು ಸೀಟಿ ಹೊಡೆದವು. ಶೈಲಾ ಕೆಮ್ಮಿದಂತೆ ಮಾಡಿ ತಲೆ ತಗ್ಗಿಸಿದಳು. ಮಾವ ಒಂದು ಕ್ಷಣ ನಿಂತರು. ಈಗ ಎದ್ದು ಹೋದರೆ ಮತ್ತೆಂದೂ ಬಾಯಿ ತೆರೆಯಲಾರರು ಎನಿಸಿತು. ಅವರು ನಾಲಿಗೆಯಿಂದ ಮೇಲಿನ ಸಾಲನ್ನು ಒತ್ತಿಕೊಂಡು ಮುಂದುವರಿದರು. "ಈ ಸಂಪತ್ತು ನೀನು ಸಂಪಾದಿಸಿದ್ದೋ, ಸುಲಿದದ್ದೋ? ಉತ್ತರಿಸು."

ನನ್ನ ನೋಟ್‌ಬುಕ್ಕಿನಲ್ಲಿ ಡ್ರ್ಯಾಗನ್ನಿಗೆ ಇದ್ದ ಮಾತು ಒಂದೇ. ಅದನ್ನೇ ಓದಿದೆ. "ಕರಿಗಂಧಕ ಭೀಕರವಾಗಿ ಘರ್ಜಿಸುತ್ತದೆ."

"ಘರ್ಜನೆ ಉತ್ತರ ಅಲ್ಲ," ಅಂದರು ಮಾವ. "ಕೇಳಿದ್ದಕ್ಕೆ ಹೇಳವು."

"ಇದು... ಇದು ನನ್ನ ನಿಧಿ. ಇದನ್ನು ಕಾಯುವುದು ನನ್ನ ಧರ್ಮ."

ಆ ಧರ್ಮ ಎಂಬ ಪದವನ್ನು ನಾನು ಯಾಕಾದರೂ ಎತ್ತಿದೆನೋ! ಅರ್ಥಧಾರಿಯ ಎದುರು ಧರ್ಮ ಎಂದು ಬಾಯಿ ಬಿಡುವುದು ಜೇನುಗೂಡಿಗೆ ಕೈ ಹಾಕಿದಂತೆ. ಮಾವ ಅದೊಂದರ ಮೇಲೆ ನಲವತ್ತು ನಿಮಿಷ ಮಾತಾಡಿದರು. ಕಾಯುವವನ ಧರ್ಮ ಯಾವುದು, ಕೊಡುವವನದ್ದು ಯಾವುದು. ಬಂಗಾರ ತಿನ್ನಲು ಬರುತ್ತದೆಯೇ? ಹೊದೆಯಲು? ಒಂದು ನಾಣ್ಯ ಕೊಟ್ಟು ನೀನು ಏನಾದರೂ ತಂದುಕೊಂಡಿದ್ದೀಯಾ? ಗುಹೆಯ ಬಾಗಿಲು ದಾಟಿ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ? ನೀನು ನಿಧಿಯನ್ನು ಕಾಯುತ್ತಿದ್ದೀಯೋ, ನಿಧಿ ನಿನ್ನನ್ನು ಕಟ್ಟಿ ಹಾಕಿದೆಯೋ? ಬಾಯಿಂದ ಬರುವ ಬೆಂಕಿ ಪರಾಕ್ರಮವೋ, ಹಳೆಯ ಅಜೀರ್ಣವೋ? ಒಂದೊಂದು ಪ್ರಶ್ನೆಗೂ ಸೀಟಿ ಸಣ್ಣದಾಗುತ್ತ ಬಂತು. ನಾನು ನೋಟ್‌ಬುಕ್ಕಿನ ಪುಟ ತಿರುಗಿಸುತ್ತಲೇ ಇದ್ದೆ. ಡ್ರ್ಯಾಗನ್ನಿನ ರೆಕ್ಕೆಯ ಅಗಲ ಬರೆದಿತ್ತು, ಬಾಲದ ಏಟಿನ ಲೆಕ್ಕ ಬರೆದಿತ್ತು. ಅದಕ್ಕೆ ಬಿಸಿಲು ಬೇಕೇ ಬೇಡವೇ ಎಂದು ಬರೆದಿರಲಿಲ್ಲ.

ನಾಗರಾಜ ಇನ್ನೊಮ್ಮೆ ದಾಳಕ್ಕೆ ಕೈ ಹಾಕಿದ. "ಕೊಡಲಿ ಕೆಳಗಿಡ್ರಿ ನಾಗರಾಜಣ್ಣ, ಅಜ್ಜಾರು ಮಾತಾಡಾಕತ್ತಾರ," ಎಂದು ಶೈಲಾ ಗದರಿದಳು. ಬಾಗಿಲಲ್ಲಿ ಸುಮಂಗಲಾ ಕಷಾಯದ ತಟ್ಟೆ ಹಿಡಿದು ನಿಂತವಳು ಒಳಗೆ ಬರುವುದನ್ನೇ ಮರೆತಿದ್ದಳು.

ಆಗ ನನಗೆ ಸಿಟ್ಟು ಬಂತು. ಹೌದು, ಬಂತು. ಎರಡು ವರ್ಷದ ಡ್ರ್ಯಾಗನ್ ನನ್ನ ಮನೆಯಲ್ಲೇ, ನನ್ನ ಆಟದಲ್ಲೇ ಪೆದ್ದನಂತೆ ಕೂತಿತ್ತು. ಮಾತಿನಲ್ಲಿ ಸೋತ ಡ್ರ್ಯಾಗನ್ನಿಗೆ ಬೆಂಕಿ ಉಗುಳುವ ಹಕ್ಕು ಇದ್ದೇ ಇದೆಯಲ್ಲ! ರಟ್ಟಿನ ಮರೆಯಲ್ಲಿ ದಾಳ ಉರುಳಿಸಿದೆ. ಅದು ಎರಡು ಸುತ್ತು ತಿರುಗಿ ನಿಂತಿತು. ಇಪ್ಪತ್ತು.

ಈ ಎರಡು ವರ್ಷದಲ್ಲಿ ನನಗೆ ಬಿದ್ದ ಮೊದಲ ಇಪ್ಪತ್ತು ಅದು. ನಿಯಮದ ಪ್ರಕಾರ ಮಾಂತ್ರಿಕ ಆ ಕ್ಷಣವೇ ಬೂದಿ. "ಮಾವ, ನಿಮ್ಮ ಪಾತ್ರ ಸತ್ತಿತು, ಇನ್ನು ಮಾತಾಡುವ ಹಾಗಿಲ್ಲ" ಎನ್ನಬೇಕು. ತಲೆ ಎತ್ತಿ ನೋಡಿದೆ. ಮಾವ ಒಂದು ಉದ್ದ ವಾಕ್ಯದ ನಡುವೆ ಇದ್ದರು. ಕೈ ಗಾಳಿಯಲ್ಲಿ ಇತ್ತು, ಕಣ್ಣು ಹೊಳೆಯುತ್ತಿತ್ತು, ಹಲ್ಲು ಇದ್ದಲ್ಲೇ ಇತ್ತು. "ಸಂಸಾರದಲ್ಲಿ ಸಹವಾಸವೇ ಸಂಪತ್ತು" ಎಂದರು. ಒಂದು ಸೀಟಿಯೂ ಬರಲಿಲ್ಲ.

"ಎಷ್ಟ್ ಬಿತ್ತ್ರಿ ಸರ್?" ಎಂದು ಶೈಲಾ ಪಿಸುಗುಟ್ಟಿದಳು.

ದಾಳವನ್ನು ಅಂಗೈಯಲ್ಲಿ ಮುಚ್ಚಿದೆ. "ಎರಡು," ಅಂದೆ. "ಡ್ರ್ಯಾಗನ್ನಿಗೆ ಕೆಮ್ಮು ಬಂತು."

ಮಾವ ಆ ಕೆಮ್ಮನ್ನೂ ಬಿಡಲಿಲ್ಲ. ಅಜೀರ್ಣಕ್ಕೆ ಅದೇ ಸಾಕ್ಷಿ ಎಂದರು. ಸಂಜೆ ಐದರ ಹೊತ್ತಿಗೆ ಕರಿಗಂಧಕ ತಪ್ಪೊಪ್ಪಿಕೊಂಡು, ನಿಧಿಯನ್ನು ಊರಿಗೆ ಬಿಟ್ಟುಕೊಟ್ಟು, ಬಿಸಿಲು ಕಾಯಿಸಿಕೊಳ್ಳಲು ಗುಹೆಯಿಂದ ಹೊರಟುಹೋಯಿತು. ಇಡೀ ಯುದ್ಧದಲ್ಲಿ ಒಂದು ಏಟು ಬೀಳಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವನು, ಎರಡು ವರ್ಷದಿಂದ ಡ್ರ್ಯಾಗನ್ ತಲೆಗೆ ಕೊಡಲಿ ಮಸೆಯುತ್ತಿದ್ದ ನಾಗರಾಜ. ಮಾವ ಕಷಾಯ ಕುಡಿದು ತೀರ್ಪು ಕೊಟ್ಟರು: "ಆಟ ಚೊಲೋ ಇದ್ದು. ಆದ್ರೆ ಆ ಡ್ರ್ಯಾಗನ್ನಿಗೆ ಅರ್ಥ ಹೇಳದು ಬತ್ತಿಲ್ಲೆ. ಮುಂದಿನ ಸಲ ಯಾರಾದ್ರೂ ಬಲ್ಲವರನ್ನ ಹಾಕ್ಕಳಿ." ಆಮೇಲೆ ಕೆಳಗಿಳಿದು ಕಾನಸೂರಿಗೆ ಫೋನು ಹಚ್ಚಿದರು. "ಹೋಯ್, ಆನು ಬತ್ತೆ. ಮಂತ್ರಿ ಪಾತ್ರ ಅಲ್ದಾ? ಇರ್ಲಿ, ಇರ್ಲಿ." ಸುಮಂಗಲಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ನಾನು ಮೇಜಿನ ಮೇಲಿನ ಅಡಿಕೆ ಆರಿಸಿ ಡಬ್ಬಿಗೆ ತುಂಬಿದೆ.

ಕೂಟದ ದಿನ ಮಧ್ಯಾಹ್ನ ಮೂರಕ್ಕೆ ಸಭಾಭವನ ತುಂಬಿತ್ತು. ನನ್ನ ಪಕ್ಕದ ಕುರ್ಚಿಗೆ ಬಂದು ಕುಳಿತವರು ನಮ್ಮ ಕಾಲೇಜಿನ ಪ್ರಾಚಾರ್ಯರು. ತಾಳಮದ್ದಳೆ ಎಂದರೆ ಅವರಿಗೆ ಪ್ರಾಣ. ಮಾವ ದುರಾಸೆಯ ದೊರೆಗೆ ಬುದ್ಧಿ ಹೇಳುವ ಮಂತ್ರಿ. ಮಾತು ನೀರಿನಂತೆ ಹರಿಯುತ್ತಿತ್ತು. ನನಗೂ ಹೆಮ್ಮೆಯಾಗಿ ಪ್ರಾಚಾರ್ಯರಿಗೆ "ನಮ್ಮ ಮಾವ" ಎಂದು ಹೇಳಿಕೊಂಡೆ. ಅಷ್ಟರಲ್ಲಿ ಮಂತ್ರಿ ಒಂದು ದೃಷ್ಟಾಂತ ಎತ್ತಿದರು. "ದೊರೆಯೇ, ಬಂಗಾರದ ಮೇಲೆ ಕುಳಿತ ಬೆಂಕಿಯ ಸರ್ಪವೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲಿ ಎನ್ನುವೆಯಾ? ಇಸಳೂರಿನಲ್ಲಿ, ನನ್ನ ಅಳಿಯನ ಮನೆಯ ಮಹಡಿಯಲ್ಲಿ. ಪ್ರತಿ ಭಾನುವಾರ ಅಳಿಯನೇ ಆ ಸರ್ಪವಾಗುತ್ತಾನೆ. ಮೂರು ತಾಸು ಕೇಳಿದೆ, ಒಂದು ಪ್ರಶ್ನೆಗೂ ಉತ್ತರ ಇಲ್ಲ! ಸಂಶಯವಿದ್ದರೆ ಅಗೋ, ಮೂರನೇ ಸಾಲಿನಲ್ಲಿ ಕುಳಿತಿದ್ದಾನೆ, ಕೇಳಿ ನೋಡು."

ಮುನ್ನೂರು ತಲೆಗಳು ತಿರುಗಿದವು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪ್ರಾಚಾರ್ಯರು ನಗಲಿಲ್ಲ; ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನನ್ನನ್ನು ನೋಡಿದರು. ಚಹಾದ ಹೊತ್ತಿಗೆ ಮಾವನನ್ನು ಮಾತಾಡಿಸಿ ದಾಳ, ಮಾಂತ್ರಿಕ, ಪಿಶಾಚಿ, ಕವಳ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಆಮೇಲೆ ನನ್ನ ಹೆಗಲು ತಟ್ಟಿದರು. "ಪಾಲಕರ ಸಭೆಯ ಭಾಷಣ ಈ ವರ್ಷವೂ ನೀವೇ ಮಾಡಿ ಸರ್. ಇಷ್ಟು ದಿನ ಓದಿಕೊಂಡು ಬಂದು ಹೇಳ್ತೀರಿ ಅಂದುಕೊಂಡಿದ್ದೆ. ಅನುಭವದ ಮಾತು ಅಂತ ಗೊತ್ತಿರಲಿಲ್ಲ."

ಮಾವನಿಗೆ ಶಾಲು ಹೊದೆಸಿದರು. ಸುಮಂಗಲಾಳನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಶಿರಸಿಯ ಕಡೆ ಹೊರಟೆ. ಅರ್ಧ ದಾರಿಯವರೆಗೂ ಅವಳು ಅಪ್ಪನ ಮಾತನ್ನೇ ನೆನೆದು ನಗುತ್ತಿದ್ದಳು. ಕೊನೆಗೆ ತಡೆಯಲಾಗಲಿಲ್ಲ. ಲೋಕದಲ್ಲಿ ಒಬ್ಬರಿಗಾದರೂ ಗೊತ್ತಿರಲಿ ಎಂದು ಗುಟ್ಟು ಬಿಟ್ಟೆ.

"ಕೇಳು. ಅವತ್ತು ಇಪ್ಪತ್ತು ಬಿದ್ದಿತ್ತು. ನಿನ್ನ ಅಪ್ಪನ ಮಾಂತ್ರಿಕ ಅಲ್ಲೇ ಸುಟ್ಟು ಬೂದಿ ಆಗವಾಗಿತ್ತು. ಆನೇ ಮುಚ್ಚಿಟ್ಟಿದ್ದು."

ಅವಳ ಕೈ ನನ್ನ ಹೆಗಲ ಮೇಲೆ ಬಂತು. ಕೊನೆಗೂ ನನ್ನ ತ್ಯಾಗ ಒಬ್ಬರಿಗೆ ತಿಳಿಯಿತು ಎಂದುಕೊಂಡೆ.

"ಇರ್ಲಿ ಬಿಡಿ," ಅಂದಳು ಸಮಾಧಾನ ಮಾಡುವ ದನಿಯಲ್ಲಿ. "ಸೋತವರೆಲ್ಲ ಹಾಂಗೇ ಹೇಳದು."

ರಸ್ತೆಯಲ್ಲಿ ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೂ ಹಾರನ್ ಒತ್ತಿ ಹಿಡಿದೆ.

"ಘರ್ಜನೆ ಉತ್ತರ ಅಲ್ಲ," ಅಂದಳು ಸುಮಂಗಲಾ.